ಕ್ಯಾಂಟನ್ನಿನ ಬಾಗಿಲು, ಬೀದರಿನ ಮೂಸೆ

ಬೀದರ್ ಕೋಟೆಯೊಳಗೆ ಬಿಸಿಲು, ಮಳೆ ತಾಗದ ಮೂಲೆಗಳ ಮಣ್ಣಿಗೆ ಬೆಲೆಯಿದೆ. ಬಿದ್ರಿ ಕುಶಲಕರ್ಮಿ ಒಂದು ಚಿಟಿಕೆ ಮಣ್ಣು ತೆಗೆದು ನಾಲಗೆಗೆ ಹಚ್ಚಿ ನೋಡುತ್ತಾನೆ. ರುಚಿ ಒಪ್ಪಿದರೆ ಮಾತ್ರ ಮನೆಗೆ ಒಯ್ಯುತ್ತಾನೆ. ನವಸಾಗರ ಬೆರೆಸಿ ನೀರಿನಲ್ಲಿ ಕುದಿಸಿದ ಈ ಮಣ್ಣಿನಲ್ಲಿ, ಬೆಳ್ಳಿ ಕೂರಿಸಿದ ಪಾತ್ರೆಯನ್ನು ಅದ್ದಿ ಉಜ್ಜಿದರೆ ಪಾತ್ರೆಯ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಯ ಬಳ್ಳಿ, ಹೂವು ಮಾತ್ರ ಬಣ್ಣ ಕೆಡದೆ ಹೊಳೆಯುತ್ತವೆ. ಬಿದ್ರಿಯ ಗುಟ್ಟೆಲ್ಲ ಈ ಮಣ್ಣಿನಲ್ಲಿದೆ ಎಂಬುದು ಊರಿನವರ ನಂಬಿಕೆ. ಪ್ರವಾಸಿಗರಿಗೆ ಹೇಳುವುದೂ ಅದನ್ನೇ.

ಆದರೆ ಕಪ್ಪಾಗುವ ಆ ಲೋಹ ಯಾವುದು, ಅದು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಬಿದ್ರಿ ಪಾತ್ರೆಯ ಮೈ ಬಹುತೇಕ ಸತು. ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಮೂಸೆಯಲ್ಲಿ ಕರಗಿಸುತ್ತಾರೆ. ಹರಳೆಣ್ಣೆ, ರಾಳ ಬೆರೆಸಿದ ಮರಳಿನ ಅಚ್ಚಿಗೆ ಅದನ್ನು ಸುರಿಯುತ್ತಾರೆ. ಹೊರಬಂದ ಬೂದುಬಣ್ಣದ ಪಾತ್ರೆಯನ್ನು ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಉಳಿಯಿಂದ ಚಿತ್ತಾರ ಕೊರೆಯುತ್ತಾರೆ. ಮಣ್ಣು ಬೀದರಿನದು, ಕೈ ಬೀದರಿನದು. ಸತು ಮಾತ್ರ ಬೀದರಿನದಲ್ಲ.

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ದಿಬ್ಬ ಇಳಿದು ಭಾಲ್ಕಿ, ಔರಾದ್ ಕಡೆಗೆ ಹೊರಟರೆ ಮಾಂಜ್ರಾ ನದಿಯ ಆಸುಪಾಸಿನ ಎರೆಭೂಮಿ ಸಿಗುತ್ತದೆ. ಜೋಳ, ತೊಗರಿ, ಹತ್ತಿಗೆ ಹೇಳಿ ಮಾಡಿಸಿದ ನೆಲ. ಎರಡೂ ಕಡೆ ಸತುವಿನ ಗಣಿಯಿಲ್ಲ. ಹಾಗಿದ್ದ ಮೇಲೆ ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ, ಹೊರಗಿನಿಂದ ತರಬೇಕಾದ ಲೋಹವನ್ನೇ ನಂಬಿದ ಕಲೆ ಶತಮಾನಗಳ ಕಾಲ ಬಾಳಿದ್ದು ಹೇಗೆ? ಉತ್ತರ ಹುಡುಕುತ್ತ ಹೋದರೆ ಮಚಲಿಪಟ್ಟಣ, ಮದ್ರಾಸ್, ಗೋವಾ, ಮಕಾವ್ ದಾಟಿ ದಕ್ಷಿಣ ಚೀನಾದ ಕ್ಯಾಂಟನ್ ಬಂದರಿನ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ.

ಆವಿಯಾಗಿ ಹಾರುವ ಲೋಹ

ಸತು ಹಠಮಾರಿ ಲೋಹ. ಕಬ್ಬಿಣ, ತಾಮ್ರಗಳ ಅದಿರನ್ನು ಇದ್ದಿಲಿನೊಂದಿಗೆ ಕಾಯಿಸಿದರೆ ಲೋಹ ಕುಲುಮೆಯ ತಳಕ್ಕೆ ಇಳಿಯುತ್ತದೆ. ಸತುವಿನ ಅದಿರು ಲೋಹವಾಗಲು ಬೇಕಾದ ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ. ಆದರೆ ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಹಾಗಾಗಿ ಹುಟ್ಟಿದ ಕ್ಷಣವೇ ಗಾಳಿಗೆ ಹಾರಿ, ಉರಿದು, ಬಿಳಿಯ ಬೂದಿಯಾಗುತ್ತದೆ. ಆ ಆವಿಯನ್ನು ಗಾಳಿ ತಾಗದಂತೆ ಹಿಡಿದು ತಣಿಸುವ ವಿದ್ಯೆ ಬಹುಕಾಲ ಜಗತ್ತಿನಲ್ಲಿ ಎರಡೇ ಕಡೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ಒಂದು ನಮ್ಮದೇ ರಾಜಸ್ಥಾನದ ಉದಯಪುರದ ಬಳಿಯ ಜಾವರ್. ಇನ್ನೊಂದು ಚೀನಾ. ಯುರೋಪಿನವರಿಗೆ ಇದು ಕೈಗೂಡಿದ್ದು 18ನೇ ಶತಮಾನದಲ್ಲಿ. ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಇದಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ.

ಜಾವರ್‌ನದು ಹೆಚ್ಚು ಹಳೆಯ ವಿದ್ಯೆ. ಆದರೆ ಚೀನಾದ್ದು ದೊಡ್ಡ ಗಾತ್ರದ ಉತ್ಪಾದನೆ. ಸಾಂಗ್ ಯಿಂಗ್‌ಶಿಂಗ್ ಎಂಬ ವಿದ್ವಾಂಸ 1637ರಲ್ಲಿ ಹೊರತಂದ ಕೈಗಾರಿಕೆಗಳ ಗ್ರಂಥದಲ್ಲಿ ಸತು ತೆಗೆಯುವ ವಿಧಾನದ ವಿವರಣೆಯಿದೆ. ಮಣ್ಣಿನ ಮಡಕೆಗಳಲ್ಲಿ ಅದಿರು ತುಂಬಿ, ಬಾಯಿ ಮುಚ್ಚಿ, ಕಲ್ಲಿದ್ದಲಿನ ಬಿಲ್ಲೆಗಳ ನಡುವೆ ಪೇರಿಸಿ ಸುಡುವ ಕ್ರಮ ಅದು. ಮಕಾವ್‌ನಲ್ಲಿ 1557ರಲ್ಲಿ ನೆಲೆಯೂರಿದ ಪೋರ್ಚುಗೀಸರು ಈ ಲೋಹವನ್ನು ಗೋವಾಕ್ಕೆ ತಂದರು. ಅವರು ಅದನ್ನು ಕರೆದದ್ದು ‘ತುತೆನಾಗ’ ಎಂದು. ಇಂಗ್ಲಿಷರ ಬಾಯಲ್ಲಿ ಅದು ‘ಟ್ಯೂಟನೇಗ್’ ಆಯಿತು. ತಮಿಳು, ಮಲಯಾಳಗಳಲ್ಲಿ ಸತುವಿಗೆ ಈಗಲೂ ‘ತುತ್ತನಾಗಂ’ ಎಂದೇ ಹೆಸರು. 1605ರ ಹೊತ್ತಿಗೆ ಮಚಲಿಪಟ್ಟಣಕ್ಕೆ ಬಂದ ಡಚ್ಚರು, 1611ರಲ್ಲಿ ಅಲ್ಲೇ ಕೋಠಿ ತೆರೆದ ಇಂಗ್ಲಿಷರು, ಇಬ್ಬರ ಸರಕಿನ ಪಟ್ಟಿಯಲ್ಲೂ ಮುಂದೆ ಇದಕ್ಕೆ ಜಾಗ ಸಿಕ್ಕಿತು. ಚಹಾ, ಪಿಂಗಾಣಿ ಹೇರಿಕೊಂಡು ಕ್ಯಾಂಟನ್ನಿನಿಂದ ಮರಳುವ ಹಡಗುಗಳ ತಳದಲ್ಲಿ ಸತುವಿನ ಗಟ್ಟಿಗಳನ್ನು ತುಂಬುತ್ತಿದ್ದರು. ಭಾರದಿಂದ ಹಡಗು ಅಲುಗದೆ ನಿಲ್ಲುತ್ತಿತ್ತು, ಊರಿಗೆ ಬಂದ ಮೇಲೆ ಮಾರಾಟಕ್ಕೂ ಬರುತ್ತಿತ್ತು. 1745ರಲ್ಲಿ ಸ್ವೀಡನ್ನಿನ ಗೋಟೆಬೋರ್ಗ್ ಎಂಬ ಹಡಗು ಚೀನಾದಿಂದ ಮರಳಿ ತನ್ನೂರಿನ ಬಂದರಿನ ಬಾಯಲ್ಲೇ ಮುಳುಗಿತು. ಅದರಲ್ಲಿಯೂ ಚಹಾ, ಪಿಂಗಾಣಿಯ ಜೊತೆ ಇದೇ ಸತು ಇತ್ತು.

ಬಿದ್ರಿ ಕಲೆಯನ್ನು ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನಿಂದ ಬಂದ ಕುಶಲಕರ್ಮಿಯೊಬ್ಬ ತಂದ ಎಂಬ ಐತಿಹ್ಯ ಬೀದರಿನಲ್ಲಿದೆ. ಆದರೆ ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಕಾಣಸಿಗುವ ಹಳೆಯ ಬಿದ್ರಿ ಹುಕ್ಕಾ ಬುರುಡೆಗಳು, ಪಾನ್‌ದಾನ್‌ಗಳು, ಹೂಜಿಗಳು ಹೆಚ್ಚಾಗಿ 17 ಮತ್ತು 18ನೇ ಶತಮಾನದವು. ಅಂದರೆ ಪೂರ್ವ ಕರಾವಳಿಯ ಬಂದರುಗಳಿಗೆ ಚೀನಾದ ಸತು ಬಂದಿಳಿಯುತ್ತಿದ್ದ ಕಾಲವೂ ಬಿದ್ರಿ ಅರಳಿದ ಕಾಲವೂ ಒಂದೇ. ಜಾವರ್‌ನಿಂದ ಬೀದರಿಗೆ ಸಾವಿರ ಕಿಲೋಮೀಟರು ಮೀರಿದ ನೆಲದ ಹಾದಿ. ಮಚಲಿಪಟ್ಟಣದಿಂದ ಹೈದರಾಬಾದ್ ಮೂಲಕ ಬಂದರೆ ಅದರ ಅರ್ಧವೂ ಇಲ್ಲ. ಬೀದರಿನ ಮೂಸೆಗೆ ಬೀಳುತ್ತಿದ್ದುದು ಬಹುಮಟ್ಟಿಗೆ ಚೀನಾದ ಸತುವೇ ಎಂದು ಊಹಿಸಲು ಇಷ್ಟು ಸಾಕು.

ಒಂದೇ ಬಾಗಿಲು

ಬೇಡಿಕೆ ಇತ್ತು, ಸರಕೂ ಇತ್ತು. ಆದರೂ ಈ ವ್ಯಾಪಾರ ಸಲೀಸಾಗಿ ಬೆಳೆಯಲಿಲ್ಲ. ಮೊದಲ ಅಡ್ಡಿ ಚೀನಾದ ತೀರದಲ್ಲೇ ಇತ್ತು.

1757ರಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿ ಯುರೋಪಿಯನ್ನರ ಹಡಗುಗಳು ಕ್ಯಾಂಟನ್ ಬಿಟ್ಟು ಬೇರೆ ಯಾವ ಬಂದರಿಗೂ ಬರಕೂಡದೆಂದು ಆಜ್ಞೆ ಹೊರಡಿಸಿದ. ಕ್ಯಾಂಟನ್ನಿನಲ್ಲೂ ಮನಬಂದವರೊಡನೆ ವ್ಯವಹರಿಸುವಂತಿರಲಿಲ್ಲ. ‘ಹಾಂಗ್’ ವ್ಯಾಪಾರಿಗಳೆಂದು ಕರೆಸಿಕೊಂಡ, ಸರ್ಕಾರದ ಪರವಾನಗಿ ಪಡೆದ ಬೆರಳೆಣಿಕೆಯ ಮಂದಿಯ ಮೂಲಕವೇ ಕೊಳ್ಳಬೇಕು, ಮಾರಬೇಕು. ನಮ್ಮ ಅಡತಿ ವ್ಯಾಪಾರ ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವಾಗಿ ಕಾಣಲಿಕ್ಕಿಲ್ಲ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಅಡತಿಯವನು ಗಿರಾಕಿಯ ನಡತೆಗೂ ಸರ್ಕಾರಕ್ಕೆ ಜಾಮೀನು ನಿಲ್ಲಬೇಕಿತ್ತು.

ವ್ಯಾಪಾರದ ಹಂಗಾಮು ಮುಗಿದ ಮೇಲೆ ವಿದೇಶಿಯರು ಕ್ಯಾಂಟನ್ನಿನಲ್ಲಿ ಉಳಿಯುವಂತಿಲ್ಲ, ಮಕಾವ್‌ಗೆ ಹೋಗಿ ಕಾಯಬೇಕು. ಹೆಂಗಸರನ್ನು ಕರೆತರುವಂತಿಲ್ಲ. ಹಡಗು ಬಂದೊಡನೆ ಅದರ ಅಳತೆಯ ಮೇಲೆ ಸುಂಕ. ಅದು ಸಾಲದೆಂದು ‘ಕಾಣಿಕೆ’ ಬೇರೆ. ದೊಡ್ಡ ಹಡಗೊಂದಕ್ಕೆ ಈ ಕಾಣಿಕೆಯೇ ಸುಮಾರು 1,950 ತೈಲ್ ಬೆಳ್ಳಿ. ಈಗಿನ ಲೆಕ್ಕದಲ್ಲಿ 70 ಕಿಲೊ ಮೀರುತ್ತದೆ. ಅಷ್ಟು ಬೆಳ್ಳಿಯಲ್ಲಿ ಎಷ್ಟು ಬಿದ್ರಿ ಪಾತ್ರೆಗಳಿಗೆ ಚಿತ್ತಾರ ಕೂರಿಸಬಹುದಿತ್ತು ಎಂಬುದನ್ನು ಬೀದರಿನವರೇ ಲೆಕ್ಕ ಹಾಕಬೇಕು. ಸರಕು ಸ್ವಲ್ಪವಿರಲಿ, ಹೆಚ್ಚಿರಲಿ, ಕಾಣಿಕೆ ತಪ್ಪದು. ಹಾಗಾಗಿ ಭಾರತದ ಬಂದರುಗಳಿಂದ ಹೋಗುವ ಸಣ್ಣ ಖಾಸಗಿ ಹಡಗುಗಳಿಗೆ ಹೊರೆ ಹೆಚ್ಚು.

ಇದರ ವಿರುದ್ಧ ದೂರು ಒಯ್ದವನ ಕಥೆಯೊಂದಿದೆ. ಜೇಮ್ಸ್ ಫ್ಲಿಂಟ್ ಈಸ್ಟ್ ಇಂಡಿಯಾ ಕಂಪನಿಯ ನೌಕರ, ಚೀನೀ ಭಾಷೆ ಕಲಿತಿದ್ದ ಅಪರೂಪದ ಇಂಗ್ಲಿಷನವ. ಉತ್ತರದ ನಿಂಗ್ಬೊ ಬಂದರಿನಲ್ಲಿ ವ್ಯಾಪಾರ ಕುದುರಿಸಲು ಕಂಪನಿ ಅವನನ್ನು ಕಳಿಸಿತ್ತು. ಆ ಯತ್ನವೇ 1757ರ ಆಜ್ಞೆಗೆ ಒಂದು ಕಾರಣ. 1759ರಲ್ಲಿ ಆತ ಮತ್ತೆ ಹೋದ. ನಿಂಗ್ಬೊದಲ್ಲಿ ಒಳಗೆ ಬಿಡಲಿಲ್ಲ. ಆತ ಹಿಂದಿರುಗದೆ ಇನ್ನೂ ಉತ್ತರಕ್ಕೆ ಟಿಯೆನ್‌ಸಿನ್ ತನಕ ಹಡಗು ನಡೆಸಿ, ಕ್ಯಾಂಟನ್ನಿನ ಸುಂಕದ ಅಧಿಕಾರಿಗಳ ಲಂಚಗುಳಿತನದ ಬಗ್ಗೆ ಚೀನೀ ಭಾಷೆಯಲ್ಲೇ ಬರೆಸಿದ ಮನವಿಯನ್ನು ಚಕ್ರವರ್ತಿಗೆ ಮುಟ್ಟಿಸಿದ. ವಿಚಾರಣೆ ನಡೆಯಿತು. ಸುಂಕದ ಮುಖ್ಯಾಧಿಕಾರಿ ಕೆಲಸ ಕಳೆದುಕೊಂಡ. ಅಲ್ಲಿಗೆ ಮುಗಿಯಲಿಲ್ಲ. ನಿಯಮ ಮೀರಿ ಉತ್ತರಕ್ಕೆ ಬಂದ ತಪ್ಪಿಗೆ ಫ್ಲಿಂಟ್‌ಗೆ ಮಕಾವ್‌ನಲ್ಲಿ ಮೂರು ವರ್ಷ ಸೆರೆ. ಮನವಿ ಬರೆಯಲು ನೆರವಾದ ಲಿಯು ಯಾಬಿಯನ್ ಎಂಬ ಚೀನೀಯನ ತಲೆ ಕಡಿಯಲಾಯಿತು. ದೂರು ನಿಜವೆಂದು ತೀರ್ಮಾನವಾದ ಮೇಲೂ ದೂರು ಬರೆದವನಿಗೆ ಶಿಕ್ಷೆ! ಆಮೇಲೆ ಬಂದ ನಿಯಮಗಳು ಹಿಂದಿನವುಗಳಿಗಿಂತ ಬಿಗಿ. ವಿದೇಶಿಯರಿಂದ ಚೀನೀ ವ್ಯಾಪಾರಿಗಳು ಸಾಲ ಪಡೆಯಕೂಡದೆಂಬುದು ಅವುಗಳಲ್ಲೊಂದು.

ಮದ್ರಾಸಿನ ಸಾಲ

ಆ ನಿಯಮವನ್ನು ಎರಡೂ ಕಡೆಯವರು ಮುರಿದರು. ಹಾಂಗ್ ವ್ಯಾಪಾರಿಗಳಿಗೆ ಅಧಿಕಾರಿಗಳ ಕೈಬಿಸಿ ಮಾಡಲು, ಮುಂದಿನ ಹಂಗಾಮಿನ ಚಹಾಕ್ಕೆ ಮುಂಗಡ ಕೊಡಲು ಸದಾ ನಗದು ಬೇಕಿತ್ತು. ಮದ್ರಾಸಿನಲ್ಲಿದ್ದ ಇಂಗ್ಲಿಷ್ ಖಾಸಗಿ ವ್ಯಾಪಾರಿಗಳ ಕೈಯಲ್ಲಿ ಹಣವಿತ್ತು. ಕ್ಯಾಂಟನ್ನಿನಲ್ಲಿ ವರ್ಷಕ್ಕೆ ನೂರಕ್ಕೆ 18, 20ರ ಬಡ್ಡಿ ಸಿಗುತ್ತಿತ್ತು. ಬಡ್ಡಿಗೆ ಬಡ್ಡಿ ಸೇರಿ ಸಾಲ ಬೆಳೆದು, 1770ರ ದಶಕದ ಕೊನೆಗೆ ಹಲವು ಹಾಂಗ್ ವ್ಯಾಪಾರಿಗಳು ತೀರಿಸಲಾರದ ಸ್ಥಿತಿಗೆ ಬಂದರು. ಸಾಲಗಾರರ ಒತ್ತಾಯಕ್ಕೆ 1779ರಲ್ಲಿ ಮದ್ರಾಸಿನಿಂದ ಕ್ಯಾಪ್ಟನ್ ಪ್ಯಾಂಟನ್ ಎಂಬಾತನನ್ನು ಯುದ್ಧನೌಕೆಯಲ್ಲಿ ಕ್ಯಾಂಟನ್ನಿಗೆ ಕಳಿಸಲಾಯಿತು. ವಸೂಲಿಗೆ ಯುದ್ಧನೌಕೆ! ಮರುವರ್ಷ ಚೀನೀ ಸರ್ಕಾರ ತೀರ್ಪು ಕೊಟ್ಟಿತು. ಇಬ್ಬರು ಹಾಂಗ್ ವ್ಯಾಪಾರಿಗಳನ್ನು ಪಶ್ಚಿಮದ ತುದಿಯಲ್ಲಿರುವ ಇಲಿ ಪ್ರಾಂತ್ಯಕ್ಕೆ ಗಡೀಪಾರು ಮಾಡಲಾಯಿತು. ಅವರ ಸಾಲವನ್ನು ಉಳಿದ ಹಾಂಗ್‌ಗಳು ಬಡ್ಡಿಯಿಲ್ಲದೆ ಹತ್ತು ವರ್ಷದಲ್ಲಿ ಕಂತಿನ ಮೇಲೆ ತೀರಿಸಬೇಕಾಯಿತು. ಆ ಹಣ ಎದ್ದದ್ದು ಸರಕಿನ ಮೇಲೆ ಹಾಕಿದ ಹೊಸ ಕರದಿಂದ. ಅಂದರೆ ಮದ್ರಾಸಿನವರ ಬಡ್ಡಿಯಾಸೆಯ ಭಾರ ಸುತ್ತಿಬಳಸಿ ಸರಕು ಕೊಳ್ಳುವವರ ತಲೆಗೇ ಬಂತು.

ಸತುವಿಗೆ ಇನ್ನೊಂದು ತೊಡಕೂ ಇತ್ತು. ಚೀನಾದಲ್ಲಿ ಜನ ಬಳಸುವ ಚಿಲ್ಲರೆ ನಾಣ್ಯ ಹಿತ್ತಾಳೆಯದು. 1740ರ ನಂತರದ ಮಿಶ್ರಣದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಸತು. ಗ್ವೀಜೌ, ಯುನ್ನಾನ್ ಬೆಟ್ಟಗಳಿಂದ ತೆಗೆದ ಸತುವಿಗೆ ಟಂಕಸಾಲೆಯೇ ಮೊದಲ ಗಿರಾಕಿ. ಉಳಿದದ್ದು ಮಾತ್ರ ಕ್ಯಾಂಟನ್ನಿಗೆ. ನಾಣ್ಯಕ್ಕೇ ಸಾಲದೆಂಬ ಆತಂಕ ಹುಟ್ಟಿದಾಗ, 19ನೇ ಶತಮಾನದ ಆರಂಭದಲ್ಲಿ, ಸರ್ಕಾರ ರಫ್ತಿಗೆ ವಾರ್ಷಿಕ ಮಿತಿ ಹೇರಿತು.

ಬಂದರಿನಿಂದ ಬೀದರಿಗೆ

ಇಷ್ಟೆಲ್ಲ ದಾಟಿ ಬಂದ ಸತು ಮಚಲಿಪಟ್ಟಣ ಸೇರಿದರೆ ಅಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ. ಕೆಸರಿನ, ಆಳವಿಲ್ಲದ ಕಡಲು. ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ದೋಣಿಗಳಲ್ಲಿ ಸರಕು ಇಳಿಸಬೇಕು. ಹಿಂಗಾರಿನ ಚಂಡಮಾರುತದ ಕಾಲದಲ್ಲಿ ಅದೂ ಆಗದು. 1864ರ ನವೆಂಬರ್ 1ರ ಚಂಡಮಾರುತ ಈ ಊರಿನಲ್ಲಿ ಸುಮಾರು 30 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು ಎಂಬುದನ್ನು ನೆನೆದರೆ ಅಲ್ಲಿನ ಕಡಲಿನ ಸ್ವಭಾವ ತಿಳಿಯುತ್ತದೆ.

ಅಲ್ಲಿಂದ ಮುಂದೆ ಎತ್ತೇ ಗತಿ. ಲಂಬಾಣಿಗಳ ಹೇರೆತ್ತಿನ ಸಾಲುಗಳು ಕರಾವಳಿಯ ಉಪ್ಪನ್ನು ದಖನ್ನಿಗೆ ಹೊತ್ತು ತಂದು ಧಾನ್ಯ ಒಯ್ಯುತ್ತಿದ್ದ ಕಾಲ ಅದು. ಹಾದಿಯುದ್ದಕ್ಕೂ ಸುಂಕದ ಕಟ್ಟೆಗಳು. ಸರ್ಕಾರದ ಸೀಮೆ ದಾಟಿದರೆ ಜಹಗೀರು, ಜಹಗೀರು ದಾಟಿದರೆ ಇನ್ನೊಬ್ಬ ಪಾಳೆಯಗಾರನ ಠಾಣ್ಯ. ಎಲ್ಲೆಲ್ಲೂ ‘ರಾಹದಾರಿ’ ಕೊಟ್ಟು ಹೋಗಬೇಕು. 1802ರಲ್ಲಿ ನಿಜಾಮನಿಗೂ ಕಂಪನಿಗೂ ಆದ ವಾಣಿಜ್ಯ ಒಪ್ಪಂದ ನೂರಕ್ಕೆ ಐದರ ಒಂದೇ ಸುಂಕ ಗೊತ್ತುಪಡಿಸಿ, ಮಚಲಿಪಟ್ಟಣವನ್ನು ನಿಜಾಮನ ಪ್ರಜೆಗಳ ವ್ಯಾಪಾರಕ್ಕೆ ತೆರೆಯಿತು. ಹಿಂದೆ ಎಷ್ಟು ಕಡೆ ಎಷ್ಟು ಬಗೆಯ ಸುಂಕವಿತ್ತೆಂಬುದಕ್ಕೆ ಆ ಒಪ್ಪಂದದ ಅಗತ್ಯವೇ ಸಾಕ್ಷಿ.

ಯುದ್ಧಗಳು ಬೇರೆ. 1760ರ ಫೆಬ್ರುವರಿಯಲ್ಲಿ ಮರಾಠರು ನಿಜಾಮನ ಸೇನೆಯನ್ನು ಸೋಲಿಸಿದ ಉದಗಿರ್, ಭಾಲ್ಕಿ ಮತ್ತು ಔರಾದ್‌ಗಳ ಮಗ್ಗುಲಲ್ಲೇ ಇದೆ. 1795ರಲ್ಲಿ ಖರ್ಡಾದಲ್ಲಿ ಮತ್ತೊಂದು ಸೋಲು. ದಂಡು ಸಾಗಿದ ಹಾದಿಯಲ್ಲಿ ಮೊದಲು ಕಾಣೆಯಾಗುವುದು ಹೊರೆ ಹೊರುವ ಎತ್ತುಗಳು.

ಆದರೂ ಸತು ಬಂತು. ಯಾಕೆಂದರೆ ಅದು ಒಂದೆರಡು ಎತ್ತಿನ ಹೊರೆಯಲ್ಲಿ ಒಂದು ಕಾರ್ಖಾನೆಯನ್ನು ತಿಂಗಳುಗಟ್ಟಲೆ ನಡೆಸಬಲ್ಲ ಸರಕು. ಮಳೆಗೆ ನೆನೆದರೂ ಕೆಡದು. ಹೈದರಾಬಾದಿನ ಅಮೀರ ಉಮರಾವರು ಹುಕ್ಕಾ ಬುರುಡೆಗೆ ಕೊಡುವ ಬೆಲೆ ಸಾಗಣೆಯ ವೆಚ್ಚವನ್ನು ನುಂಗಿಕೊಳ್ಳುತ್ತಿತ್ತು. ಇಲ್ಲಿಂದ ಹೊರಗೆ ಹೋಗಬೇಕಾದ ಸರಕಿನ ಪಾಡು ಹೀಗಿರಲಿಲ್ಲ.

ಚೀನೀ ವ್ಯಾಪಾರಿ ಭಾರತದಿಂದ ಬಯಸುತ್ತಿದ್ದುದು ಮುಖ್ಯವಾಗಿ ಹತ್ತಿ, ಶ್ರೀಗಂಧ, ಆಮೇಲೆ ಅಫೀಮು. ಬ್ರಿಟನ್ 1784ರಲ್ಲಿ ಚಹಾದ ಮೇಲಿನ ಸುಂಕವನ್ನು ನೂರಕ್ಕೆ 119ರಿಂದ ಹನ್ನೆರಡೂವರೆಗೆ ಇಳಿಸಿತು. ಚಹಾದ ಖರೀದಿ ಒಮ್ಮೆಲೇ ಏರಿತು. ಅದಕ್ಕೆ ಬೆಳ್ಳಿ ತೆರಲಾರದೆ ಕಂಪನಿ ಭಾರತದ ಕಚ್ಚಾ ಹತ್ತಿಯ ಮೊರೆಹೊಕ್ಕಿತು. ಬೊಂಬಾಯಿಯಿಂದ ಹತ್ತಿಯ ಹಡಗುಗಳು ಕ್ಯಾಂಟನ್ನಿಗೆ ಹೊರಟವು. ಅದರ ಲಾಭ ಹೋದದ್ದು ಕಡಲಿಗೆ ಹತ್ತಿರವಿದ್ದ ಗುಜರಾತಿಗೆ. ಹತ್ತಿ ಹಗುರವಾದರೂ ಹೊರೆ ದೊಡ್ಡದು. ಎತ್ತಿನ ಬೆನ್ನಿನ ಮೇಲೆ ತಿಂಗಳುಗಟ್ಟಲೆ ಸಾಗಿ, ಧೂಳು ತಿಂದು, ಘಟ್ಟದ ಮಳೆಗೆ ನೆನೆದು ಬೊಂಬಾಯಿ ಸೇರುವ ಹೊತ್ತಿಗೆ ಬಣ್ಣ ಕೆಟ್ಟಿರುತ್ತಿತ್ತು. ಒಳನಾಡಿನ ಹತ್ತಿಯ ಬಗ್ಗೆ ಕಂಪನಿಯ ಕಾಲದಲ್ಲಿ ಮತ್ತೆ ಮತ್ತೆ ಕೇಳಿಬಂದ ದೂರು ಇದೇ. ಭಾಲ್ಕಿ, ಔರಾದ್‌ಗಳ ಎರೆನೆಲಕ್ಕೆ ಹತ್ತಿ ಬೆಳೆಯುವ ಕಸುವಿತ್ತು, ಬಂದರಿಗೆ ಹೋಗುವ ಹಾದಿ ಇರಲಿಲ್ಲ. ಚೀನಾದ ಲೋಹ ಇಲ್ಲಿಗೆ ಬರಬಹುದಿತ್ತು, ಇಲ್ಲಿನ ಬೆಳೆ ಚೀನಾಕ್ಕೆ ಹೋಗುವುದು ಕಷ್ಟವಿತ್ತು. ಒಮ್ಮುಖದ ವ್ಯಾಪಾರಕ್ಕೆ ಬೇರು ಆಳಕ್ಕೆ ಇಳಿಯುವುದಿಲ್ಲ.

ಬಾಗಿಲು ತೆರೆದಾಗ

ಈ ಇಡೀ ಸರಪಳಿ ಕಡಿದದ್ದು ಯುದ್ಧದಿಂದಲ್ಲ, ಜರ್ಮನಿಯ ಕಡೆಯಿಂದ. ಆಗ ಪ್ರಷ್ಯಾಕ್ಕೆ ಸೇರಿದ್ದ ಸೈಲೀಸಿಯಾದಲ್ಲಿ ಕಲ್ಲಿದ್ದಲೂ ಸತುವಿನ ಅದಿರೂ ಒಟ್ಟಿಗೆ ಸಿಗುತ್ತಿದ್ದವು. ಅಲ್ಲಿನ ಅಗ್ಗದ ಸತು 1820ರ ದಶಕದಲ್ಲಿ ಕಲ್ಕತ್ತಾ ಮಾರುಕಟ್ಟೆಗೆ ನುಗ್ಗಿತು. ಕೆಲವೇ ವರ್ಷಗಳಲ್ಲಿ ಚೀನಾದ ತುತೆನಾಗ ಪೈಪೋಟಿ ತಾಳಲಾರದೆ ಹಿಂದೆ ಸರಿಯಿತು. ಜಾವರ್‌ನ ಕುಲುಮೆಗಳು ಅದಕ್ಕೂ ಮೊದಲೇ, 1812ರ ಹೊತ್ತಿನ ಬರಗಾಲದ ನಂತರ ಆರಿಹೋಗಿದ್ದವು. ಮದ್ರಾಸಿನಲ್ಲಿ ಕಂಪನಿಯ ಸೇವೆಯಲ್ಲಿದ್ದ ಬೆಂಜಮಿನ್ ಹೈನ್ ಬಿದ್ರಿ ತಯಾರಿಸುವ ವಿಧಾನವನ್ನು ಬರೆದಿಟ್ಟದ್ದು ಇದೇ ಸಂಧಿಕಾಲದಲ್ಲಿ.

ಕಂಪನಿಯ ಚೀನಾ ವ್ಯಾಪಾರದ ಏಕಸ್ವಾಮ್ಯ 1833ರ ಕಾಯ್ದೆಯಿಂದ ಕೊನೆಗೊಂಡಿತು. ಮೊದಲ ಅಫೀಮು ಯುದ್ಧದ ನಂತರ 1842ರ ನಾನ್‌ಕಿಂಗ್ ಒಪ್ಪಂದ ಹಾಂಗ್ ವ್ಯವಸ್ಥೆಯನ್ನು ಕಿತ್ತೊಗೆದು ಐದು ಬಂದರುಗಳನ್ನು ತೆರೆಯಿತು. 83 ವರ್ಷಗಳ ಹಿಂದೆ ಫ್ಲಿಂಟ್‌ನನ್ನು ಒಳಗೆ ಬಿಡದ ನಿಂಗ್ಬೊ ಅವುಗಳಲ್ಲೊಂದು. ಅಷ್ಟು ಹೊತ್ತಿಗೆ ಬೀದರಿಗೆ ಆ ಬಾಗಿಲಿನಿಂದ ಬರಬೇಕಾದದ್ದು ಏನೂ ಉಳಿದಿರಲಿಲ್ಲ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ಪಾತ್ರೆಗಳು ಯುರೋಪಿನವರ ಮೆಚ್ಚುಗೆ ಗಳಿಸಿದವು. ಎತ್ತಿನ ಹಾದಿಗೆ ಬದಲಾಗಿ ರೈಲು ಬಂದದ್ದು ಇನ್ನೂ ತಡವಾಗಿ. ವಿಕಾರಾಬಾದಿನಿಂದ ಬೀದರ್, ಭಾಲ್ಕಿ ಮಾರ್ಗವಾಗಿ ಪರಳಿ ವೈಜನಾಥಕ್ಕೆ ಹೋಗುವ ಹಳಿ ಪೂರ್ಣಗೊಂಡದ್ದು 1930ರ ದಶಕದ ಆರಂಭದಲ್ಲಿ. ಔರಾದ್ ಪಟ್ಟಣ ಇಂದಿಗೂ ರೈಲಿಗೆ ಕಾಯುತ್ತಿದೆ.

ಸಮುದ್ರದ ಆಸೆ ಮಾತ್ರ ಈ ಸೀಮೆಯ ದೊರೆಗಳನ್ನು ಬಿಟ್ಟಿರಲಿಲ್ಲ. ಬೀದರಿನ ಪ್ರಧಾನಿ ಮಹಮೂದ್ ಗವಾನ್, ಸ್ವತಃ ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿ ಬಂದಿಳಿದವ, 1472ರಲ್ಲಿ ಗೋವಾ ಗೆದ್ದುಕೊಂಡಿದ್ದ. ಅದು ಬಹುಕಾಲ ಉಳಿಯಲಿಲ್ಲ. ಬಹಮನಿ ರಾಜ್ಯ ಒಡೆದಾಗ ಬಿಜಾಪುರದ ಪಾಲಾಗಿ, 1510ರಲ್ಲಿ ಪೋರ್ಚುಗೀಸರ ಕೈ ಸೇರಿತು. 1947ರಲ್ಲಿ ಸ್ವತಂತ್ರವಾಗಿ ಉಳಿಯಲು ಹವಣಿಸುತ್ತಿದ್ದ ನಿಜಾಮನ ಸರ್ಕಾರ ಅದೇ ಗೋವಾದ ಬಂದರಿಗಾಗಿ ಪೋರ್ಚುಗೀಸರೊಡನೆ ಮಾತುಕತೆಗೆ ಯತ್ನಿಸಿತ್ತು. ಮರುವರ್ಷದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಆ ಮಾತು ಮುಗಿಯಿತು.

ಈಗ ಭಾರತದ ಸತು ಬಹುಪಾಲು ರಾಜಸ್ಥಾನದ್ದೇ. ಜಾವರ್‌ನಲ್ಲಿ ಮತ್ತೆ ಗಣಿ ನಡೆಯುತ್ತಿದೆ. ಆದರೆ ಬೆಲೆ ನಿಗದಿಯಾಗುವುದು ಲಂಡನ್ನಿನ ಲೋಹ ವಿನಿಮಯ ಕೇಂದ್ರದ ದರ ನೋಡಿಕೊಂಡು. ಜಗತ್ತಿನಲ್ಲಿ ಅತಿ ಹೆಚ್ಚು ಸತು ಉತ್ಪಾದಿಸುವ, ಅತಿ ಹೆಚ್ಚು ಬಳಸುವ ದೇಶ ಇಂದು ಚೀನಾ. ಅಲ್ಲಿ ಕಟ್ಟಡ ಕಾಮಗಾರಿ ಏರಿದರೆ, ಇಳಿದರೆ ಆ ದರವೂ ಏರಿಳಿಯುತ್ತದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಊರೆಲ್ಲ ಸಂಭ್ರಮಿಸಿತು. ಬಿದ್ರಿಗೆ ಭೌಗೋಳಿಕ ಸೂಚಿಯ ರಕ್ಷಣೆಯೂ ಇದೆ. ಆ ರಕ್ಷಣೆ ಹೆಸರಿಗೆ ಸಿಗುತ್ತದೆ, ಸತುವಿನ ದರಕ್ಕೆ ಸಿಗುವುದಿಲ್ಲ. ಕಾರ್ಖಾನೆಗಳಲ್ಲಿ ಅರ ಹಾಕುವಾಗ ಉದುರುವ ಬೂದುಬಣ್ಣದ ಪುಡಿಯನ್ನು ಸಂಜೆ ಗುಡಿಸಿ ಒಟ್ಟುಮಾಡಿ, ಮುಂದಿನ ಎರಕಕ್ಕೆ ಮತ್ತೆ ಮೂಸೆಗೆ ಹಾಕುತ್ತಾರೆ.